ನೀರಕ್ಕನ ಪುಸ್ತಕದಲ್ಲಿ ಖಾಲಿ ಉಳಿದ ಸಾಲು

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷವಿದೆ. ಪ್ರಾಣಿಗಳ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಒಬ್ಬ ಹೆಂಗಸು ನೀರಿನ ತೊಟ್ಟಿಯ ಎರಡನೇ ಮೆಟ್ಟಿಲ ಮೇಲೆ, ಸೊಂಟದವರೆಗೆ ಬೆಚ್ಚನೆಯ ನೀರಿನಲ್ಲಿ ಕುಳಿತು, ಹಳೆಯ ಟವೆಲ್‌ಗಳಿಂದ ಬಿಚ್ಚಿಕೊಂಡ ನೂಲುಗಳನ್ನು ಕತ್ತರಿಸುತ್ತಿದ್ದಾರೆ. ಅವರ ಬೆನ್ನ ಹಿಂದೆ, ಕಿಟಕಿಯ ಪಕ್ಕದಲ್ಲಿ, ಕಂದು ಬಣ್ಣದ ದೊಡ್ಡ ನಾಯಿಯೊಂದು ನೆಲಕ್ಕೆ ಅಂಟಿಸಿದಂತೆ ಕೂತಿದೆ. ನಾಯಿ ಅವರನ್ನು ನೋಡುತ್ತಿಲ್ಲ. ಅವರೂ ನಾಯಿಯನ್ನು ನೋಡುತ್ತಿಲ್ಲ. ನಾಯಿಯನ್ನು ಯಾಕೆ ಕರೆಯುತ್ತಿಲ್ಲ ಎಂದು, ಇವರ ಬಗ್ಗೆ ಬರೆಯಲು ಬಂದ ನಾನು ಬಾಗಿಲಲ್ಲಿ ನಿಂತೇ ಕೇಳುತ್ತೇನೆ. ಮೊದಲು ಚಪ್ಪಲಿ ಹೊರಗೆ ಬಿಟ್ಟು ಬನ್ನಿ, ಮಾತು ಆಮೇಲೆ ಎನ್ನುತ್ತಾರೆ, ತಿರುಗಿಯೂ ನೋಡದೆ.

ಇವರಿಗೆ ಐವತ್ನಾಲ್ಕು ವರ್ಷ. ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ನೀರಕ್ಕ ಎಂದು; ಇವರಿಗಿಂತ ಹತ್ತು ವರ್ಷ ದೊಡ್ಡವರಾದ ಕಾವಲುಗಾರರಿಗೂ ಇವರು ಅಕ್ಕನೇ. ಹಾಜರಿ ಪುಸ್ತಕದಲ್ಲಿ ಇವರ ಕೆಲಸ ನೆಲ ಒರೆಸುವುದು. ಒರೆಸುತ್ತಾರೆ ಕೂಡ, ದಿನಕ್ಕೆ ನಾಲ್ಕು ಸಲ, ಮೂರು ಕೋಣೆ, ಒಂದು ಉದ್ದನೆಯ ಪಡಸಾಲೆ. ಆದರೆ ಎಂಟು ವರ್ಷದಿಂದ ಇವರು ಮಾಡುತ್ತಾ ಬಂದಿರುವ ಇನ್ನೊಂದು ಕೆಲಸಕ್ಕೆ ಯಾವ ಪುಸ್ತಕದಲ್ಲೂ ಹೆಸರಿಲ್ಲ. ಕಾಲಿನ ಶಸ್ತ್ರಚಿಕಿತ್ಸೆಯಾದ ನಾಯಿಗಳು ಮತ್ತೆ ನಡೆಯಬೇಕಾದರೆ ಈ ತೊಟ್ಟಿಯಲ್ಲಿ ನಡೆದು ಅಭ್ಯಾಸ ಮಾಡಬೇಕು. ನೀರು ಮೈಭಾರವನ್ನು ಹೊರುತ್ತದೆ, ಕಾಲು ಮೆಲ್ಲಗೆ ತನ್ನ ಕೆಲಸ ನೆನಪಿಸಿಕೊಳ್ಳುತ್ತದೆ. ತೊಂದರೆ ಏನೆಂದರೆ, ಇಲ್ಲಿಗೆ ಬರುವ ಹತ್ತರಲ್ಲಿ ನಾಲ್ಕು ನಾಯಿಗಳು ನೀರು ಕಂಡರೆ ಮಾರು ದೂರ ಓಡುತ್ತವೆ. ಅಂಥವು ನೀರಕ್ಕನ ಪಾಲು.

ಈ ಕೆಲಸ ಅವರ ಕೈಗೆ ಬಂದದ್ದು ಮಂಡಿಯೂರಿ ನೆಲ ಒರೆಸುತ್ತಿದ್ದಾಗ. ಇಬ್ಬರು ಗಂಡಸರು ಒಂದು ನಾಯಿಯನ್ನು ತೊಟ್ಟಿಗೆ ಎಳೆಯುತ್ತಿದ್ದರಂತೆ. ಅದು ಪ್ರತಿದಿನವೂ ಒಂದೇ ಜಾಗದಲ್ಲಿ ಉಗುರೂರಿ ನಿಲ್ಲುತ್ತಿತ್ತು. ನಿಂತವರಿಗೆ ಕಂಡದ್ದು ನಾಯಿ ಮತ್ತು ನೀರು ಮಾತ್ರ. ನೆಲದ ಮಟ್ಟದಲ್ಲಿದ್ದ ನೀರಕ್ಕನಿಗೆ ನಾಯಿಯ ಕಾಲ ಮುಂದಿದ್ದ ಮೋರಿಯ ಕಬ್ಬಿಣದ ಜಾಲರಿ ಕಂಡಿತು. ಅದರ ಮೇಲೊಂದು ಗೋಣಿಚೀಲ ಹಾಸಿದರು. ನಾಯಿ ಗೋಣಿ ದಾಟಿ, ಮೆಟ್ಟಿಲಿಳಿದು, ನೀರಲ್ಲಿ ನಿಂತಿತು. ಅದನ್ನು ನೋಡಿದ ಆಸ್ಪತ್ರೆಯ ಡಾಕ್ಟರಮ್ಮ ಕೈಯಲ್ಲಿದ್ದ ಚಹಾ ಆರುವವರೆಗೂ ಅಲ್ಲೇ ನಿಂತಿದ್ದರಂತೆ.

"ನೀರಿನ ಭಯ ಅಂತ ಎಲ್ಲರೂ ಒಂದೇ ಹೆಸರು ಇಟ್ಟುಬಿಡ್ತಾರೆ ಸರ್," ಎನ್ನುತ್ತಾರೆ ನೀರಕ್ಕ. "ಒಂದೊಂದು ನಾಯಿದೂ ಒಂದೊಂದು ಥರ. ಯಾವುದು ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು. ಗೊತ್ತಾಗೋ ತನಕ ನಾನು ಸುಮ್ನೆ ಕೂತಿರ್ತೀನಿ."

ಹೀಗೆ ಗೊತ್ತಾದದ್ದನ್ನೆಲ್ಲ ಬರೆದಿಡಲು ಶಾಲೆಯ ಮಕ್ಕಳ ನೋಟ್‌ಬುಕ್ಕೊಂದಿದೆ. ನೀರು ತಾಗದಂತೆ ಪ್ಲಾಸ್ಟಿಕ್ ಕವರಿನೊಳಗೆ, ಟವೆಲ್ ಬೀರುವಿನ ಮೇಲಿನ ಅರೆಯಲ್ಲಿ ಇರುತ್ತದೆ. ಅಕ್ಷರ ದಪ್ಪ, ಸಾಲು ಸೊಟ್ಟ. ಹರಿದ ಕಿವಿಯ ಬಿಳಿ ನಾಯಿಗೆ ಪಂಪಿನ ಸದ್ದು. ಕುಳ್ಳನಿಗೆ ನೀರಲ್ಲಿ ಕಾಣುವ ತನ್ನದೇ ಮುಖ. ಮುದುಕಿಗೆ ಶಾಂಪೂ ವಾಸನೆ. ಒಂದು ಭಾರಿ ಗಾತ್ರದ ಕಾವಲು ನಾಯಿಗೆ, ನಗಬೇಡಿ, ಟವೆಲ್. ನೀರೇ ಭಯ ಎಂದು ಬರೆದಿರುವ ಸಾಲು ನನ್ನ ಲೆಕ್ಕಕ್ಕೆ ಸಿಕ್ಕಿದ್ದು ಏಳು ಮಾತ್ರ. ಕೊನೆಯ ಪುಟದ ಕೊನೆಯ ಸಾಲಿನಲ್ಲಿ "ಬಟಾಣಿ" ಎಂದಿದೆ. ಮುಂದೆ ಖಾಲಿ.

ಬಟಾಣಿ ಎಂದರೆ ಕಿಟಕಿಯ ಪಕ್ಕ ಕೂತಿರುವ ಈ ಕಂದು ನಾಯಿ. ತೂಕ ಮೂವತ್ನಾಲ್ಕು ಕಿಲೋ. ಹೆಸರಿಟ್ಟಾಗ ಅಂಗೈಯಲ್ಲಿ ಹಿಡಿಸುತ್ತಿತ್ತು ಎನ್ನುತ್ತಾರೆ ಪಕ್ಕದಲ್ಲೇ ನಿಂತಿರುವ ಅದರ ಯಜಮಾನರು. ಅವರು ಕೈಗಡಿಯಾರ ರಿಪೇರಿ ಮಾಡುವವರು, ಅರವತ್ತೊಂದು ವರ್ಷ, ಒಂಟಿ ಜೀವ. ಕೆಳಗೆ ಅಂಗಡಿ, ಮೂರನೇ ಮಹಡಿಯಲ್ಲಿ ಮನೆ, ನಡುವೆ ಐವತ್ತೆರಡು ಮೆಟ್ಟಿಲು, ಲಿಫ್ಟ್ ಇಲ್ಲ. ಹಿಂಗಾಲಿನ ಮಂಡಿ ಕೊಯ್ಯಿಸಿಕೊಂಡ ಬಟಾಣಿಯನ್ನು ಅವರು ದಿನಾ ಎತ್ತಿಕೊಂಡೇ ಇಳಿಸಿ ಹತ್ತಿಸುತ್ತಾರೆ. ಅವರ ಸೊಂಟಕ್ಕೊಂದು ಪಟ್ಟಿ ಬಿಗಿದಾಗಿದೆ.

ಡಾಕ್ಟರಮ್ಮ ಸುತ್ತಿ ಬಳಸಿ ಹೇಳುವವರಲ್ಲ. ಎರಡು ವಾರದೊಳಗೆ ನೀರಿನಲ್ಲಿ ನಡೆಯಲು ಶುರು ಮಾಡಿದರೆ ಕಾಲು ಉಳಿಯುತ್ತದೆ, ಇಲ್ಲದಿದ್ದರೆ ಬತ್ತಿ ಹೆಸರಿಗಷ್ಟೇ ಕಾಲಾಗುತ್ತದೆ ಎಂದಿದ್ದಾರೆ. ಮೂರು ಕಾಲಿನ ಭಾರಿ ನಾಯಿಯನ್ನು ಐವತ್ತೆರಡು ಮೆಟ್ಟಿಲು ಹೊರಲು ಗಡಿಯಾರದವರಿಗೆ ಇನ್ನು ಎಷ್ಟು ದಿನ ಆದೀತು? ಊರಾಚೆ ನಾಯಿಗಳನ್ನು ಸಾಕುವ ಆಶ್ರಮವೊಂದರ ಫೋನ್ ನಂಬರ್ ಅವರ ಅಂಗಿ ಜೇಬಿನಲ್ಲಿದೆ. ಅದನ್ನು ತೋರಿಸಿ, ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿಗಿಡುತ್ತಾರೆ.

ಅವರು ಒಂದು ಹಳೆಯ ಕಥೆಯನ್ನೂ ಹೇಳಿದ್ದಾರೆ. ಎರಡು ವರ್ಷದ ಹಿಂದೆ ಮನೆಯಲ್ಲಿ ಸ್ನಾನ ಮಾಡಿಸುವಾಗ ನಲ್ಲಿಯಿಂದ ಸುಡುನೀರು ಬಂದು ಬಟಾಣಿಯ ಬೆನ್ನು ಬೆಂದಿತ್ತು. ಅಂದಿನಿಂದ ಸ್ನಾನವೆಂದರೆ ಮಂಚದ ಕೆಳಗೆ ಅಡಗುತ್ತದೆ. ಸರಿ, ಕಾರಣ ಸಿಕ್ಕಿತಲ್ಲ ಎಂದು ನಾನು ಬರೆದುಕೊಳ್ಳುತ್ತೇನೆ. ನೀರಕ್ಕ ಅಲ್ಲವೆಂದು ತಲೆಯಾಡಿಸುತ್ತಾರೆ. ನಾಲ್ಕನೇ ದಿನ, ಗಡಿಯಾರದವರು ಔಷಧಿ ತರಲು ಹೋಗಿದ್ದಾಗ, ಇದೇ ಬಟಾಣಿ ತೊಟ್ಟಿಯ ಅಂಚಿಗೆ ಬಂದು ಲೊಚಲೊಚ ನೀರು ಕುಡಿದು ಹೋಯಿತಂತೆ.

"ಸಾಯೋ ಅಷ್ಟು ಹೆದರಿಕೆ ಇರೋ ನೀರನ್ನ ಯಾರಾದ್ರೂ ಕುಡೀತಾರಾ ಸರ್? ಇದು ಬೇರೆ ಏನೋ."

ಆ ಬೇರೆ ಏನೋ ಯಾವುದೆಂದು ಹುಡುಕಲು ಅವರು ಮಾಡದ್ದಿಲ್ಲ. ಪಂಪು ನಿಲ್ಲಿಸಿದ್ದಾರೆ, ಜಾಲರಿ ಮುಚ್ಚಿದ್ದಾರೆ, ನೀರು ತಣ್ಣಗೆ ಮಾಡಿ ನೋಡಿದ್ದಾರೆ, ತಮ್ಮ ನೀಲಿ ಏಪ್ರನ್ ಬಿಚ್ಚಿಟ್ಟು ನೋಡಿದ್ದಾರೆ. ಮೊದಲ ದಿನ ಇಬ್ಬರು ಸೇರಿ ಎತ್ತಿ ಇಳಿಸಲು ಹೋದಾಗ ಬಟಾಣಿ ಹೊಲಿಗೆ ಕಿತ್ತುಬರುವಷ್ಟು ಕೊಸರಾಡಿತ್ತು, ಹಾಗಾಗಿ ಆ ದಾರಿ ಮುಚ್ಚಿದೆ. ಬಿಸ್ಕತ್ತು ತೋರಿಸಬಾರದೇ ಎಂದರೆ ನೀರಕ್ಕನಿಗೆ ನಗು. "ಲಂಚ ತಿಂದು ಇಳಿದ ನಾಯಿ ನಾಳೆ ಎರಡು ಕೇಳುತ್ತೆ. ನಮ್ಮ ಹಾಗೇನೇ."

ಇಷ್ಟು ತಾಳ್ಮೆ ಎಲ್ಲಿಂದ ಬಂತು ಎಂದರೆ, ಬಾಟಲಿಗಳಿಂದ ಎನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷ ಸೋಡಾ ಕಾರ್ಖಾನೆಯಲ್ಲಿ ಬಾಟಲಿ ತೊಳೆದವರು, ದಿನಕ್ಕೆ ಎಂಟುನೂರು. ಕಾರ್ಖಾನೆಗೆ ಯಂತ್ರ ಬಂತು, ಇವರು ಮನೆಗೆ ಬಂದರು. ನೀರಲ್ಲೇ ನಿಂತ ಹಿಮ್ಮಡಿಗಳು ಒಡೆದು ಗಾಜಿನ ಚೂರಿನಂತೆ ಚುಚ್ಚುತ್ತವೆ. ರಾತ್ರಿ ಎಣ್ಣೆ ಹಚ್ಚಿ ಕಾಲುಚೀಲ ಹಾಕಿ ಮಲಗುತ್ತಾರೆ. ಜೊತೆಗಿರುವ ತಂಗಿ ಬಸ್ ಕಂಡಕ್ಟರ್. ಅಕ್ಕ ಬೀದಿ ತಿರುವಿನಲ್ಲಿರುವಾಗಲೇ ಒದ್ದೆ ನಾಯಿಯ ವಾಸನೆ ಮನೆಗೆ ಬಂದು ತಲುಪುತ್ತದೆ ಎಂದು ಅವರ ದೂರು. ಆದರೂ ಅಕ್ಕನ ಕಾಲಿಗೆ ಎಣ್ಣೆ ಹಚ್ಚುವುದು ಆ ತಂಗಿಯೇ.

ಬಟಾಣಿ ಇಲ್ಲಿಗೆ ಬರತೊಡಗಿದ ಹನ್ನೆರಡನೇ ಬೆಳಗ್ಗೆ ನಾನು ಮತ್ತೆ ಹೋಗುತ್ತೇನೆ. ನೀರಕ್ಕ ತೊಟ್ಟಿಯಲ್ಲಿಲ್ಲ. ಯಾರೋ ಬಕೆಟ್ ಉರುಳಿಸಿದ್ದಾರೆ, ಅವರು ಮಂಡಿಯೂರಿ ನೆಲ ಒರೆಸುತ್ತಿದ್ದಾರೆ. ಬಾಗಿಲಲ್ಲಿ ಒದ್ದೆ ಗೋಣಿ ಹಾಸಿರುವುದರಿಂದ ಒಳಬರುವ ನಾಯಿಗಳ ಹೆಜ್ಜೆ ನೆಲದ ಮೇಲೆ ಸ್ಪಷ್ಟವಾಗಿ ಮೂಡುತ್ತದೆ. ಬಟಾಣಿಯದು ಮೂರು ಹೆಜ್ಜೆ, ಪಕ್ಕದಲ್ಲೊಂದು ಎಳೆದ ಗೆರೆ. ಆ ಗೆರೆ ಬಾಗಿಲಿಂದ ನೆಟ್ಟಗೆ ಬಂದು ಕಿಟಕಿಯ ಬಳಿ ನಿಂತುಬಿಡುತ್ತದೆ. ನೀರಕ್ಕ ಒರೆಸುವ ಬಟ್ಟೆ ಹಿಡಿದು ಅದನ್ನೇ ನೋಡುತ್ತಾರೆ. ನೀರಿಗೆ ಹೆದರುವ ನಾಯಿ ನೀರಿನ ಹತ್ತಿರ ಬಂದಾಗ ನಿಲ್ಲಬೇಕು, ಕಿಟಕಿಯ ಹತ್ತಿರ ಯಾಕೆ?

ಕಿಟಕಿಯ ಬಳಿ ಗಡಿಯಾರದವರು ತಮ್ಮ ಕೈಗಡಿಯಾರ ಬಿಚ್ಚಿ, ಕರವಸ್ತ್ರದಿಂದ ಒರೆಸಿ, ಕನ್ನಡಕದ ಡಬ್ಬಿಯೊಳಗಿಟ್ಟು ಮುಚ್ಚುತ್ತಿದ್ದಾರೆ. ನೀರಿನ ಹತ್ತಿರ ಹೋಗುವ ಮುನ್ನ ಗಡಿಯಾರ ಬಿಚ್ಚದವನು ಗಡಿಯಾರ ರಿಪೇರಿ ಮಾಡುವವನೇ ಅಲ್ಲ. ಇದನ್ನು ನಾನೂ ಹಿಂದೆ ನೋಡಿದ್ದೇನೆ. ನನ್ನ ಟಿಪ್ಪಣಿಯಲ್ಲಿ "ಶಿಸ್ತಿನ ಮನುಷ್ಯ" ಎಂದು ಬರೆದುಕೊಂಡಿದ್ದೇನೆ, ಅಷ್ಟೇ.

"ಅಣ್ಣಾ, ಅದನ್ನ ಮತ್ತೆ ಕಟ್ಕೊಳ್ಳಿ," ಎನ್ನುತ್ತಾರೆ ನೀರಕ್ಕ, ನೆಲದಿಂದ ಏಳದೆ.

ಅವರು ಅರ್ಥವಾಗದೆ ಕಟ್ಟಿಕೊಳ್ಳುತ್ತಾರೆ. ಬಟಾಣಿ ಎದ್ದು ನಿಲ್ಲುತ್ತದೆ. ಬಿಚ್ಚಿ ಎನ್ನುತ್ತಾರೆ. ಬಿಚ್ಚುತ್ತಾರೆ. ಬಟಾಣಿ ಕೂರುತ್ತದೆ. ಮೂರು ಸಲ ಹೀಗೇ ಆಗುತ್ತದೆ. ಮನೆಯಲ್ಲೂ ಸ್ನಾನಕ್ಕೆ ಮುಂಚೆ ಗಡಿಯಾರ ಬಿಚ್ಚಿಡುವುದು ಅವರ ರೂಢಿ. ಮೈ ಸುಟ್ಟ ದಿನವೂ ಬಿಚ್ಚಿದ್ದರು. ಗಡಿಯಾರ ಕಟ್ಟಿದ ಕೈ ಎಂದರೆ ಬಟಾಣಿಗೆ ಬೀದಿ ಸುತ್ತಾಟ. ಬರಿಗೈ ಎಂದರೆ ಬೆಂಕಿ. ಗಡಿಯಾರದವರು ಅದನ್ನು ಮತ್ತೆ ಕೈಗೆ ಕಟ್ಟಿಕೊಳ್ಳುತ್ತಾರೆ. ಎರಡು ವರ್ಷ ತಾನೇ ಬಟಾಣಿಯನ್ನು ಹೆದರಿಸುತ್ತಿದ್ದೆನಲ್ಲ ಎಂಬುದು ಅವರ ಮುಖದಲ್ಲೇ ಕಾಣುತ್ತದೆ.

ನಾಳೆ ಬೇರೆ ಯಾವುದಾದರೂ ಅಗ್ಗದ ಗಡಿಯಾರ ಕಟ್ಟಿಕೊಂಡು ಬನ್ನಿ, ಆಗದೇ ಇದ್ದೀತೇ ಎನ್ನುತ್ತಾರೆ ನೀರಕ್ಕ. ಕೈಯಲ್ಲಿರುವುದು ಕಸುಬು ಕಲಿಸಿದ ಗುರುಗಳು ಕೊಟ್ಟದ್ದು, ಒಂದು ಹನಿ ನೀರನ್ನೂ ತಾಳದು. ಗಡಿಯಾರದವರು ಅದನ್ನೊಮ್ಮೆ, ನಿಂತಿರುವ ನಾಯಿಯನ್ನೊಮ್ಮೆ ನೋಡುತ್ತಾರೆ.

"ಇವತ್ತು ಎದ್ದು ನಿಂತಿದೆ ಅಕ್ಕಾ. ನಾಳೆ ಯಾರು ಕಂಡಿದ್ದಾರೆ? ಗಡಿಯಾರ ಒಣಗಿಸೋದು ನನಗೆ ಬರುತ್ತೆ."

ಪ್ಯಾಂಟು ಮಡಿಸುವುದನ್ನೂ ಮರೆತು ಅವರು ಮೆಟ್ಟಿಲಿಳಿಯುತ್ತಾರೆ. ನೀರು ತೊಡೆಗೆ ಬರುತ್ತದೆ. ಗಡಿಯಾರ ಕಟ್ಟಿದ ಕೈಯನ್ನು ನೀರಿನೊಳಗೆ ಇಳಿಬಿಟ್ಟು ಸುಮ್ಮನೆ ನಿಲ್ಲುತ್ತಾರೆ. ಕರೆಯುವುದಿಲ್ಲ, ಅಷ್ಟನ್ನು ಹನ್ನೆರಡು ದಿನದಲ್ಲಿ ಕಲಿತಿದ್ದಾರೆ. ಬಟಾಣಿ ಅಂಚಿಗೆ ಬಂದು ನೀರು ಮೂಸುತ್ತದೆ. ಒಂದು ಮೆಟ್ಟಿಲು. ಇನ್ನೊಂದು. ಆಮೇಲೆ ನೀರು ಅದರ ಹೊಟ್ಟೆಯನ್ನು ಎತ್ತಿ ಹಿಡಿಯುತ್ತದೆ, ಎಳೆದಾಡುತ್ತಿದ್ದ ಹಿಂಗಾಲು ತನಗೇ ಆಶ್ಚರ್ಯವಾದಂತೆ ಒಂದು ಹೆಜ್ಜೆ ಹಾಕುತ್ತದೆ. ಗಡಿಯಾರದವರು ಅಳುತ್ತಿದ್ದಾರೆ. ನನ್ನ ಕಣ್ಣೂ ಒದ್ದೆಯಾಗಿದೆ, ಸುಳ್ಳು ಯಾಕೆ ಹೇಳಲಿ. ನೀರಕ್ಕ ಮಾತ್ರ ಬೀರುವಿನ ಬಳಿ ಹೋಗಿ ನೋಟ್‌ಬುಕ್ ತೆಗೆದು ಖಾಲಿ ಸಾಲಿನಲ್ಲಿ "ಬರಿಗೈ" ಎಂದು ಬರೆಯುತ್ತಾರೆ.

ಮೂರು ವಾರದ ಮೇಲೆ ಕೊನೆಯ ಸಲ ಹೋದಾಗ ಗಡಿಯಾರ ಒಣಗಿ ಓಡುತ್ತಿದೆ. ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದಂತೆ. ಯಾಕೆ ಸರಿಮಾಡಿಲ್ಲ ಎಂದರೆ ಗಡಿಯಾರದವರು ನಗುತ್ತಾರೆ. ನಿಮಗೇನಾದರೂ ಬೇಕೇ ಎಂದು ನೀರಕ್ಕನನ್ನು ಕೇಳುತ್ತೇನೆ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರು ಬೇಕು ಎನ್ನುತ್ತಾರೇನೋ ಎಂದು ಕಾಯುತ್ತೇನೆ. ಅವರು ತುಸು ಯೋಚಿಸಿ, ತೊಟ್ಟಿಗೆ ಮೆಟ್ಟಿಲಿನ ಬದಲು ಇಳಿಜಾರು ಮಾಡಿಸಿದರೆ ಮುದಿ ನಾಯಿಗಳಿಗೆ ಸಲೀಸು ಎನ್ನುತ್ತಾರೆ.

ಬಟಾಣಿ ನೀರಿಂದೆದ್ದು, ನಮ್ಮಿಬ್ಬರ ಮೇಲೂ ಮೈ ಕೊಡವಿ, ಬಾಗಿಲ ಕಡೆ ಹೋಗುತ್ತದೆ. ಒಣಗಿದ ನೆಲದ ಮೇಲೆ ತೊಟ್ಟಿಯಿಂದ ಬಾಗಿಲವರೆಗೂ ಹೆಜ್ಜೆಗಳು. ನೀರಕ್ಕ ಬಕೆಟ್, ಒರೆಸುವ ಬಟ್ಟೆ ಹಿಡಿದು ಬರುತ್ತಾರೆ. ಬಗ್ಗಿ ಎಣಿಸುತ್ತಾರೆ: ಒಂದು, ಎರಡು, ಮೂರು, ನಾಲ್ಕು. ಎಳೆದ ಗೆರೆ ಎಲ್ಲೂ ಇಲ್ಲ. ಎಂಟು ವರ್ಷದಲ್ಲಿ ಒಂದು ದಿನವೂ ಒದ್ದೆ ನೆಲ ಬಿಟ್ಟುಹೋಗದ ಹೆಂಗಸು ಬಟ್ಟೆಯನ್ನು ಹಿಂಡಿ ಬಕೆಟ್ಟಿನ ಅಂಚಿಗೆ ಹಾಕುತ್ತಾರೆ.

"ಇದನ್ನ ಒರೆಸಲ್ಲ ಸರ್. ತಾನೇ ಒಣಗಲಿ."