ವಾಡಿ ಜಂಕ್ಷನ್ನಿನ ಆಫ್‌ಸೈಡ್

೧೯೪೮ರ ಬೇಸಿಗೆಯಲ್ಲಿ ನಾನು ಚಿತ್ತಾಪುರದ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರ. ಹಾಕಿ, ಫುಟ್‌ಬಾಲ್, ಖೋಖೋ, ಕುಸ್ತಿ ಎಲ್ಲಕ್ಕೂ ನಾನೊಬ್ಬನೇ ಸಾರ್ವಭೌಮ. ಈ ಸಾಮ್ರಾಜ್ಯ ನಡೆಸಲು ಸರ್ಕಾರ ದಯಪಾಲಿಸಿದ್ದು ಒಂದು ಸೀಟಿ, ಎಲ್ಲ ಆಟಗಳಿಗೂ ಸೇರಿ ಒಂದು ಚೀಲ.

ಶಹಾಬಾದಿನಲ್ಲಿ ಹಾಕಿ ಪಂದ್ಯವಿತ್ತು. ಕಾಲ ಕೆಟ್ಟಿತ್ತು, ಆದರೆ ಹೋಗದಿದ್ದರೆ ಶಾಲೆಯ ಮಾನ ಹೋಗುತ್ತದೆಂದು ಹೆಡ್‌ಮಾಸ್ತರರು ತಮ್ಮ ಕುರ್ಚಿಯಲ್ಲೇ ಕುಳಿತು ಧೈರ್ಯ ತಾಳಿದರು. ಹನ್ನೊಂದು ಜನ ಹುಡುಗರು, ಹನ್ನೊಂದು ಸ್ಟಿಕ್ಕುಗಳೊಂದಿಗೆ ವಾಡಿಯಲ್ಲಿ ಗಾಡಿ ಬದಲಿಸಲು ಇಳಿದೆವು.

ಪ್ಲಾಟ್‌ಫಾರ್ಮಿನಲ್ಲಿ ಖಾಕಿ ತೊಟ್ಟವರ ದಂಡೊಂದು ಕಾವಲಿಗಿತ್ತು; ಪೊಲೀಸರೂ ಅಲ್ಲ, ಸೈನಿಕರೂ ಅಲ್ಲ. ಯಾರ ಅಪ್ಪಣೆಯೆಂದು ಕೇಳುವ ರೂಢಿ ಆಗ ಇರಲಿಲ್ಲ. ಅವರ ದಳಪತಿ ಸ್ಟಿಕ್ಕುಗಳನ್ನು ನೋಡಿದ.

"ಏನ್ ಮಾಸ್ತರ, ಫೌಜ್ ತಗೊಂಡು ಎಲ್ಲಿಗಿ ಹೊಂಟಿ?"

"ಹಾಕಿ ಆಡ್ಲಿಕ್ಕ್ರಿ, ಸಾಹೇಬ್ರ."

"ಚೆಂಡ್ ತೋರ್ಸು."

ಚೀಲ ಬಿಚ್ಚಿದೆ. ಹಿಂದಿನ ಸಂಜೆ ಆಡಿದ ಫುಟ್‌ಬಾಲ್ ಉರುಳಿ ಅವನ ಬೂಟಿನ ಬಳಿ ನಿಂತಿತು. ಹಾಕಿ ಚೆಂಡು ಶಾಲೆಯಲ್ಲೇ ಉಳಿದಿತ್ತು; ಒಂದೇ ಚೀಲದ ಆಡಳಿತದ ಫಲ.

ಯಾರೂ ನಗಲಿಲ್ಲ.

"ಇದಕ್ಕ ಕೋಲಿಲೆ ಹೊಡಿತೀರೇನು? ಆಟಗಾರ್ರು ಹೌದಂದ್ರ ನಮ್ಮ ಮಂದಿ ಕೂಡ ಆಡಿ ತೋರಸ್ರಿ. ಇಲ್ಲಂದ್ರ ಗೋದಾಮಿನಾಗ ಕುಂದ್ರಸ್ತೀನಿ."

ಆ ಗೋದಾಮಿನಿಂದ ನಡೆದುಕೊಂಡು ಹೊರಬಂದವರು ಕಡಿಮೆ. ಕೆಟ್ಟದಾಗಿ ಆಡಿದರೆ ಆಟಗಾರರಲ್ಲವೆಂದಾಗುತ್ತದೆ, ಗೆದ್ದರೆ ದಳಪತಿಗೆ ಅವಮಾನ. ಹುಡುಗರ ಕಿವಿಯಲ್ಲಿ ಹೇಳಿದೆ: "ಚಂದ ಆಡ್ರಿ. ಆದ್ರ ಸೋಲ್ರಿ."

ಎಷ್ಟೋ ವರ್ಷ ಬೇರೆಯದನ್ನೇ ಕಲಿಸಿದ್ದರಿಂದ ಈ ಪಾಠ ತಲೆಗೆ ಹತ್ತಲಿಲ್ಲ. ಹಳಿಗಳಾಚೆಯ ಬಯಲಿನಲ್ಲಿ ಫುಟ್‌ಬಾಲ್ ಶುರುವಾಯಿತು, ನಾನೇ ರೆಫರಿ. ದಳಪತಿ ಒಂದು ಗೋಲು ಹೊಡೆದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಕ್ಯಾಪ್ಟನ್, ದಂಡೋತಿಯ ಶರಣಪ್ಪ, ಚೆಂಡು ಸಿಕ್ಕಿದ್ದೇ ತಡ ಎಲ್ಲ ಮರೆತ. ಒಬ್ಬೊಬ್ಬರನ್ನೇ ದಾಟಿದ. ದಳಪತಿ ಅಡ್ಡ ಬಂದು ಧೂಳಿನಲ್ಲಿ ಬಿದ್ದ. ಬದಿಯಲ್ಲಿದ್ದ ಒಬ್ಬ ಬಂದೂಕು ಕೈಗೆತ್ತಿಕೊಂಡ. ಶರಣಪ್ಪನ ಮುಂದೆ ಬರಿದಾದ ಗೋಲು.

ಸೀಟಿ ಊದಿದೆ. "ಆಫ್‌ಸೈಡ್!"

ಆಫ್‌ಸೈಡ್ ಎಂದರೆ ಎದುರಾಳಿಗಳ ಬೆನ್ನ ಹಿಂದೆ ಮೊದಲೇ ಹೋಗಿ ಚೆಂಡಿಗಾಗಿ ಕಾಯುವ ತಪ್ಪು. ಚೆಂಡನ್ನು ತಾನೇ ಒಯ್ದವನಿಗೆ ಅದು ಜಗತ್ತಿನ ಯಾವ ಮೈದಾನದಲ್ಲೂ ತಗಲುವುದಿಲ್ಲ.

ದಳಪತಿ ಮೈ ಕೊಡವಿ ಎದ್ದ. ನೇರ ನನ್ನ ಬಳಿಗೆ ಬಂದ. "ಮಾಸ್ತರ ಭಾಳ ಹುಷಾರ್ ಇದ್ದಾನ. ಹೋಗ್ರಿ. ಕೋಲು ಇಲ್ಲೇ ಇರ್ಲಿ. ಫುಟ್‌ಬಾಲ್ ಆಡೋರಿಗಿ ಕೋಲ್ ಯಾಕ?"

ಚಿತ್ತಾಪುರಕ್ಕೆ ಮರಳುವ ಗಾಡಿಯಲ್ಲಿ ಶರಣಪ್ಪ ಅಳುತ್ತಲೇ ಕೇಳಿದ: "ಚೆಂಡ್ ನಾನೇ ಒಯ್ದೀನಿ. ಆಫ್‌ಸೈಡ್ ಹೆಂಗ ಆಗ್ತದ್ರಿ ಸರ? ನಿಮಗ ಆಟ ಬರ್ತದೋ ಇಲ್ಲೋ?"

"ಕುಂದ್ರಪ್ಪ, ಅಳಬ್ಯಾಡ," ಎಂದೆ. ನನ್ನ ವೃತ್ತಿಜೀವನಕ್ಕೆ ಸಿಕ್ಕ ಅತ್ಯುನ್ನತ ಪ್ರಶಂಸೆ ಶರಣಪ್ಪನ ಆ ಪ್ರಶ್ನೆಯೇ ಎಂದು ಈಗಲೂ ನಂಬಿದ್ದೇನೆ.

ಮಳೆಗಾಲದಲ್ಲಿ ಮತ್ತೆ ವಾಡಿಯಲ್ಲಿ ಇಳಿದೆ. ಅದೇ ಕಾವಲು. ಅವರ ಕೈಗಳಲ್ಲಿ ನಮ್ಮ ಸ್ಟಿಕ್ಕುಗಳು. ಹಿಡಿಗೆ ನಾನೇ ಸುತ್ತಿದ ಕೆಂಪು ಪಟ್ಟಿ. ತುದಿಗಳೂ ಕೆಂಪಾಗಿದ್ದವು. ತುದಿಗೆ ನಾನು ಪಟ್ಟಿ ಸುತ್ತಿರಲಿಲ್ಲ.

ಆಟ ಗೆದ್ದೆವೋ ಸೋತೆವೋ ಎಂದು ಕೇಳುವವರಿಗೆ ಅಂದಿನಿಂದ ನನ್ನದು ಒಂದೇ ಉತ್ತರ: ಹೋದ ಹುಡುಗರೆಲ್ಲ ಮನೆಗೆ ಬಂದರು.