ಪಾತ್ರೆಯ ತಳದ ಹೆಸರು

ವರ್ಲಾ ನೈಗಾರ್ಡ್ ಜೀವಮಾನದಲ್ಲಿ ಕದ್ದದ್ದು ಒಂದೇ ಸಲ. ಕದ್ದದ್ದು ನನ್ನ ಹಾಟ್‌ಡಿಶ್.

ಮಿನೆಸೋಟದ ನಮ್ಮೂರಿನಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಚರ್ಚಿನ ಹೆಂಗಸರು ಆಲೂಗಡ್ಡೆ, ಖೀಮಾ ಹಾಕಿದ ಹಾಟ್‌ಡಿಶ್ ಓವನ್ನಿನಲ್ಲಿ ಬೇಯಿಸಿ, ಗಾಜಿನ ಪಾತ್ರೆ ಸಮೇತ ಅವರ ಮನೆಗೆ ಮುಟ್ಟಿಸುತ್ತೇವೆ. ತಳಕ್ಕೆ ಟೇಪು ಅಂಟಿಸಿ ಹೆಸರು ಬರೆದಿರುತ್ತೇವೆ. ತಿಂದವರು ತೊಳೆದು ಅವರವರ ಪಾತ್ರೆ ಅವರವರಿಗೆ ಹಿಂತಿರುಗಿಸಬೇಕು.

ವರ್ಲಾಳ ಗಂಡ ಆರಿನ್‌ಗೆ ಲಕ್ವ ಹೊಡೆದಾಗಲೂ ಕಳಿಸಿದ್ದೆವು, ಎರಡು ವಾರ. ಆಮೇಲೆ ನಾಲ್ಕು ವರ್ಷ ಅವಳೊಬ್ಬಳೇ ಅವನನ್ನು ಎತ್ತಿದಳು, ಮೀಯಿಸಿದಳು, ಉಣಿಸಿದಳು. ಕೇಳಿದವರಿಗೆಲ್ಲ ಪರವಾಗಿಲ್ಲ ಎಂದಳು. ನಾವೂ ಅದನ್ನೇ ನಂಬಿ ಹಾಯಾಗಿದ್ದೆವು.

ಈ ಮಾರ್ಚಿನಲ್ಲಿ ಅವಳ ಎದುರುಮನೆಯ ಆರ್ಡಿಸ್‌ಳ ಗಂಡನಿಗೆ ಮಂಡಿಯ ಆಪರೇಷನ್ ಆಯಿತು. ವಾರದಲ್ಲಿ ಹನ್ನೊಂದು ಪಾತ್ರೆ ಬಂದವು. ವರ್ಲಾ ಕಿಟಕಿಯಲ್ಲಿ ನಿಂತು ಎಣಿಸಿದಳಂತೆ, ಹೊಟ್ಟೆ ಉರಿದುಹೋಯಿತಂತೆ. ಹನ್ನೆರಡನೆಯದು ನನ್ನದು. ಆರ್ಡಿಸ್ ಗಂಡನನ್ನು ಡಾಕ್ಟರ ಹತ್ತಿರ ಕರೆದೊಯ್ದಿದ್ದರಿಂದ ಮೆಟ್ಟಿಲ ಮೇಲಿಟ್ಟು ಬಂದೆ. ವರ್ಲಾ ರಸ್ತೆ ದಾಟಿ ಅದನ್ನೆತ್ತಿಕೊಂಡು ಹೋಗಿ, ಅಡುಗೆಮನೆಯಲ್ಲಿ ನಿಂತುಕೊಂಡೇ ಅರ್ಧ ಮುಗಿಸಿದಳು.

ಆಮೇಲೆ ಪಾತ್ರೆಯ ಪೀಕಲಾಟ. ಊಟ ಕದಿಯಬಹುದೇನೋ, ಇನ್ನೊಬ್ಬರ ಪಾತ್ರೆ ಇಟ್ಟುಕೊಳ್ಳುವುದು ನಮ್ಮೂರಿನಲ್ಲಿ ಯಾರ ಕೈಯಲ್ಲೂ ಆಗದ ಕೆಲಸ. ಸೋಮವಾರ ತಳತಳ ಹೊಳೆಯುವಂತೆ ತೊಳೆದು ನನ್ನ ಬಾಗಿಲಿಗೇ ತಂದಳು.

"ಇದು ಆರ್ಡಿಸ್‌ಗೆ ಕೊಟ್ಟಿದ್ದಲ್ವೇನೇ?" ಎಂದೆ.

"ಹೌದು, ನಾನು ತಿಂದೆ. ಅವಳ ಗಂಡ ಮೂರು ವಾರಕ್ಕೆ ಎದ್ದು ಓಡಾಡ್ತಾನೆ ಕಣೇ ಮಾರ್ಲಿಸ್. ನನ್ನೋನು ಏಳಲ್ಲ." ಪಾತ್ರೆ ನನ್ನ ಕೈಗಿಟ್ಟು, "ಉಪ್ಪು ಕಮ್ಮಿಯಿತ್ತು," ಎಂದಳು.

ಉಪ್ಪಿನ ಮಾತಿಗೆ ನನಗೆ ಸಿಟ್ಟು ಬಂತು. ಉಳಿದ ಮಾತಿಗೆ ನಾಚಿಕೆಯಾಯಿತು.

ಬುಧವಾರ ಬರಿಗೈಯಲ್ಲಿ ಅವಳ ಮನೆಗೆ ಹೋದೆ. ನಾಲ್ಕು ಗಂಟೆಯವರೆಗೆ ಆರಿನ್ ಜೊತೆ ನಾನಿರುತ್ತೇನೆ, ನೀನು ಹೊರಗೆ ಹೋಗು ಎಂದೆ. ಅವನ ಮಾತ್ರೆ, ದಿಂಬು, ನೀರಿನ ವಿಷಯ ಮೂರು ಮೂರು ಸಲ ಹೇಳಿ ಹೊರಟಳು. ಹೋದದ್ದಾದರೂ ಎಲ್ಲಿಗೆ? ಕೆರೆಯ ದಂಡೆಯಲ್ಲಿ ಕಾರು ನಿಲ್ಲಿಸಿ ನಿದ್ದೆ ಮಾಡಿದಳಂತೆ.

ಅವಳು ಮರಳಿದಾಗ ನಾವು ಇಸ್ಪೀಟು ಆಡುತ್ತಿದ್ದೆವು. ಆರಿನ್ ಎಡಗೈಯಲ್ಲಿ ಎಲೆ ಬಚ್ಚಿಟ್ಟು, ಸಿಕ್ಕಿಬಿದ್ದು, ಬಾಯಿ ಸೊಟ್ಟಗಾದರೂ ಗಟ್ಟಿಯಾಗಿ ನಗುತ್ತಿದ್ದ. ವರ್ಲಾ ಕೋಟನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತಳು. ಹೊಟ್ಟೆಕಿಚ್ಚು ಮುಖದಲ್ಲೇ ಕಾಣುತ್ತಿತ್ತು, ಈ ಸಲ ನನ್ನ ಮೇಲೆ.

"ನನ್ನ ಹತ್ರ ಎರಡು ವರ್ಷದಿಂದ ನಕ್ಕಿಲ್ಲ ಅವನು," ಎಂದಳು.

ಎಲೆಗಳನ್ನು ಜೋಡಿಸಿಟ್ಟು ಹೊರಟೆ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೇಳಿದಳು:

"ಬರೋ ಬುಧವಾರ ಎಷ್ಟೊತ್ತಿಗೆ ಬರ್ತೀಯ?"