ಲಕೋಟೆ ಸಿಗದ ಬಾಡಿಗೆದಾರ

ಚಿಯಾಂಗ್ ಮಾಯ್‌ನಲ್ಲಿ ಆರು ತಿಂಗಳೋ ವರ್ಷವೋ ಇದ್ದು ನೋಡೋಣ ಎಂದು ಬರುವ ಪರದೇಶದವರೆಲ್ಲ ಕೈಯಲ್ಲೊಂದು ಖರ್ಚಿನ ಲೆಕ್ಕ ಹಿಡಿದುಕೊಂಡೇ ಬರುತ್ತಾರೆ. ವಯಸ್ಸಾದವರದು ಕಾಗದದಲ್ಲಿ, ಹುಡುಗರದು ಫೋನಿನಲ್ಲಿ. ಬಾಡಿಗೆಗೆ ಇಷ್ಟು, ಊಟಕ್ಕೆ ಇಷ್ಟು, ಸ್ಕೂಟರಿಗೆ ಇಷ್ಟು, ಕಾಫಿಗೆ ಇಷ್ಟು. ಬಾಡಿಗೆಗೆ ಕೋಣೆ ಕೊಡುವ ಸೀನುವನ್ ಬೀಗ ತೆಗೆಯುವ ಮೊದಲು ಆ ಲೆಕ್ಕವನ್ನೊಮ್ಮೆ ಕೇಳಿ ನೋಡುತ್ತಾಳೆ. ಕಾಫಿಯ ಖರ್ಚು ಊಟದ್ದಕ್ಕಿಂತ ಜಾಸ್ತಿ ಬರೆದಿದ್ದರೆ ಒಂದು ತಿಂಗಳ ಬದಲು ಎರಡು ತಿಂಗಳ ಮುಂಗಡ ಇಡಿ ಎನ್ನುತ್ತಾಳೆ. ಕರೆಂಟಿಗೆ ಏನೂ ಬರೆಯದವರಿಗಂತೂ ಎ.ಸಿ. ಕೋಣೆ ತೋರಿಸುವುದೇ ಇಲ್ಲ. ಅಂಥವರು ಬೇಸಿಗೆಯಲ್ಲಿ ಹಗಲೂ ರಾತ್ರಿ ಎ.ಸಿ. ಓಡಿಸಿ, ಬಿಲ್ಲು ಬಂದ ಮೇಲೆ ತನ್ನ ಕಣ್ಣು ತಪ್ಪಿಸಿ ಓಡಾಡುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು.

ಹೇಳಿ ಕೇಳಿ ಲೆಕ್ಕದಲ್ಲಿ ಗಟ್ಟಿಗಿತ್ತಿ. ಗಂಡ ತೀರಿಕೊಂಡ ಮೇಲೆ ಪಕ್ಕದ ಲಾಂಫೂನಿನ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಹಾಕಿದಳು. ಅದು ಮುಚ್ಚಿದಾಗ ಕೈಗೆ ಬಂದ ಗಂಟಿನಲ್ಲಿ ತಾಯಿ ಬಿಟ್ಟುಹೋದ ಜಾಗದಲ್ಲಿ ಎರಡಂತಸ್ತು ಎಬ್ಬಿಸಿ ಎಂಟು ಕೋಣೆ ಮಾಡಿದಳು. ಕರೆಂಟಿಗೆ ಸರ್ಕಾರ ಹಾಕುವ ದರದ ಮೇಲೆ ತನ್ನದೂ ಒಂದಿಷ್ಟು ಸೇರಿಸುತ್ತಾಳೆ. ಯಾಕೆ ಎಂದು ಕೇಳಿದವರನ್ನು, ಮೆಟ್ಟಿಲ ದೀಪ ಏನು ಪುಕ್ಕಟೆ ಉರಿಯುತ್ತದೆಯೇ ಎಂದು ಜಬರಿಸುತ್ತಾಳೆ. ಬಾಡಿಗೆದಾರರೆಲ್ಲ ಅವಳನ್ನು ದೊಡ್ಡಮ್ಮ ಎಂದೇ ಕರೆಯುವುದು. ಜೋರು ಬಾಯಿ, ಆದರೆ ಜ್ವರ ಬಂದವರ ಬಾಗಿಲಿಗೆ ಗಂಜಿ ಹೋಗುತ್ತದೆ. ಗಂಜಿಗೆ ಬಿಲ್ಲಿಲ್ಲ.

ಹೀಗೆ ಬರುವವರ ಲೆಕ್ಕದಲ್ಲಿ ಎಲ್ಲ ಇರುತ್ತದೆ, ಲಕೋಟೆ ಮಾತ್ರ ಇರುವುದಿಲ್ಲ. ಆ ಬೀದಿಯಲ್ಲಿ ಬೌದ್ಧ ವಿಹಾರಕ್ಕೆ ಹೊಸ ಹೆಂಚು ಹೊದಿಸಿದರೂ ಲಕೋಟೆ, ಮದುವೆಗೂ ಲಕೋಟೆ, ಹುಡುಗ ಭಿಕ್ಷುವಾದರೂ ಲಕೋಟೆ, ಸತ್ತರೂ ಲಕೋಟೆ. ಖಾಲಿ ಲಕೋಟೆ ಮನೆಗೆ ಬರುತ್ತದೆ, ನೂರೋ ಇನ್ನೂರೋ ಬಾತ್ ದುಡ್ಡು ತುಂಬಿಸಿಕೊಂಡು ವಾಪಸ್ ಹೋಗುತ್ತದೆ. ಹಬ್ಬಹುಣ್ಣಿಮೆಯ ತಿಂಗಳು ಬಂತೆಂದರೆ ಬೀದಿಯವರು ಮುಖ ಹಿಂಡಿಕೊಂಡು, ಇದೇನಪ್ಪ ಗ್ರಹಚಾರ ಎಂದು ಗೊಣಗುತ್ತಲೇ ಹಾಕುತ್ತಾರೆ. ಹಾಕದೆ ಇರುವವರು ಯಾರೂ ಇಲ್ಲ.

ಹಿಂದೊಮ್ಮೆ ಸೀನುವನ್‌ಳ ಮೇಲಂತಸ್ತಿನಲ್ಲಿ ಆಸ್ಟ್ರೇಲಿಯಾದವನೊಬ್ಬನಿದ್ದ. ನಗುಮುಖದ ಮನುಷ್ಯ. ಲಕೋಟೆ ಕೈಗೆ ಬಂದರೆ ಹಿಗ್ಗಿ ಹೀರೇಕಾಯಿಯಾಗಿ ಪ್ರತಿಯೊಂದಕ್ಕೂ ಸಾವಿರ ಬಾತ್ ಹಾಕುತ್ತಿದ್ದ. ಇವನ ಸಾವಿರದ ಮುಂದೆ ತಮ್ಮ ನೂರು ಏನು ಚಂದ ಎಂದು ಉಳಿದವರಿಗೆ ಮುಜುಗರ. ಒಂದು ಬೆಳಿಗ್ಗೆ ನೋಡಿದರೆ ಕೋಣೆ ಖಾಲಿ. ಮೂರು ತಿಂಗಳ ಬಾಡಿಗೆ, ಕರೆಂಟು, ಎಲ್ಲ ನಾಮ. ಬೀದಿಗೆಲ್ಲ ದಾನ ಮಾಡಿದ ಪುಣ್ಯಾತ್ಮ ತನಗೆ ಮಾತ್ರ ಪಂಗನಾಮ ಹಾಕಿದನಲ್ಲ ಎಂದು ಸೀನುವನ್ ಎಷ್ಟೋ ದಿನ ಉರಿದುಕೊಂಡಳು.

ಅದಾದ ವರ್ಷವೇ ರೇಯೋ ಬಂದದ್ದು. ಫಿನ್ಲೆಂಡಿನವನು, ಅಲ್ಲಿ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಹೆಂಡತಿ ಮಕ್ಕಳಿಲ್ಲ. ಅವನ ಲೆಕ್ಕ ನೋಡಿ ಸೀನುವನ್ ಮೊದಲ ಸಲ ತಲೆದೂಗಿದಳು. ಕರೆಂಟು ಬರೆದಿದ್ದ, ವೀಸಾ ಬರೆದಿದ್ದ, ವಯಸ್ಸಿನ ಜೊತೆ ಏರುವ ವಿಮೆಯ ಕಂತನ್ನು ಮುಂದಿನ ಹತ್ತು ವರ್ಷಕ್ಕೂ ಬರೆದಿದ್ದ. ಫೆಬ್ರವರಿಯಲ್ಲಿ ಕಾಡಿಗೆ ಬೆಂಕಿ ಬಿದ್ದು ಊರಿಗೆ ಹೊಗೆ ಕವಿದಾಗ ಬೇಕಾಗುವ ಮುಖಗವಸನ್ನೂ ಬಿಟ್ಟಿರಲಿಲ್ಲ. ಎಲ್ಲ ಕಳೆದು ತಿಂಗಳ ಕೊನೆಗೆ ಉಳಿಯುವುದು ಮುನ್ನೂರು ಬಾತ್. ಪಾಪ, ಈ ಮುನ್ನೂರರ ಮೇಲೆ ಬೀದಿಯವರು ಬಿದ್ದರೆ ಮುಗಿಯಿತು ಎಂದುಕೊಂಡ ಸೀನುವನ್ ಅವತ್ತೇ ಎದುರಿನ ನೂಡಲ್ಸ್ ಅಂಗಡಿಯ ಖಾಮ್‌ಪನ್‌ಗೆ ಹೇಳಿಬಿಟ್ಟಳು: ಆ ಮನುಷ್ಯನ ಕೈಗೆ ಯಾರೂ ಲಕೋಟೆ ಕೊಡಕೂಡದು, ಕೊಟ್ಟವರು ನನ್ನ ಹತ್ತಿರ ಮಾತು ಕೇಳಬೇಕಾಗುತ್ತದೆ. ಖಾಮ್‌ಪನ್‌ಗೆ ಹೇಳಿದರೆ ಬೀದಿಗೆ ಹೇಳಿದಂತೆಯೇ.

ಆರು ವರ್ಷ ಕಳೆಯಿತು. ರೇಯೋ ಮಾತಿನವನಲ್ಲ. ಸಂಜೆ ಕಟ್ಟಡದ ಮುಂದಿನ ಕಲ್ಲುಬೆಂಚಿನ ಒಂದು ತುದಿಯಲ್ಲಿ ಕೂರುತ್ತಿದ್ದ, ಇನ್ನೊಂದು ತುದಿಯಲ್ಲಿ ಸೀನುವನ್ ಸೊಪ್ಪು ಬಿಡಿಸುತ್ತಿದ್ದಳು. ನಲ್ಲಿ ಸೋರಿದರೆ ಹೇಳದೆಯೇ ರಿಪೇರಿ ಮಾಡಿರುತ್ತಿದ್ದ. ಅಂಟಕ್ಕಿ ಅನ್ನವನ್ನು ಸುಟ್ಟ ಮೆಣಸಿನಕಾಯಿ ಚಟ್ನಿಗೆ ಅದ್ದಿ ತಿನ್ನುವುದನ್ನು ಕಲಿತಿದ್ದ, ಕಣ್ಣಲ್ಲಿ ನೀರು ಸುರಿದರೂ ಬಿಡುತ್ತಿರಲಿಲ್ಲ. ಅವಳಿಗಿಂತ ಏಳು ವರ್ಷ ದೊಡ್ಡವನಾದರೂ ಉಳಿದವರಂತೆ ದೊಡ್ಡಮ್ಮ ಎಂದೇ ಕರೆಯುತ್ತಿದ್ದ. ಬೀದಿಯವರು ನಗುತ್ತಿದ್ದರು, ಅವಳು ತಿದ್ದಲಿಲ್ಲ. ಅವನು ಬೆಂಚಿನಲ್ಲಿದ್ದರೆ ಅವಳಿಗೆ ಹಿತವೆನಿಸುತ್ತಿತ್ತು.

ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಕೆಳಗಿನ ಕೋಣೆಗೆ ಚಿಲಿ ದೇಶದ ಹುಡುಗಿ ಬಂದು ಮೂರು ತಿಂಗಳಾಗಿತ್ತು. ಮಾರಿಸೋಲ್ ಎಂದು ಹೆಸರು, ಎಲ್ಲರ ಹತ್ತಿರವೂ ಹರಟುವವಳು. ಒಂದು ಸಂಜೆ ನಾಲ್ಕು ಲಕೋಟೆ ಹಿಡಿದುಕೊಂಡು ಬೆಂಚಿನ ಹತ್ತಿರ ಬಂದು, ಇದಕ್ಕೆಲ್ಲ ಎಷ್ಟೆಷ್ಟು ಹಾಕಬೇಕು, ನೀವು ಎಷ್ಟು ಹಾಕುತ್ತೀರಿ ಎಂದು ರೇಯೋನನ್ನು ಕೇಳಿದಳು. ರೇಯೋ ಒಂದೊಂದನ್ನೇ ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ತನಗೆ ಗೊತ್ತಿಲ್ಲ ಎಂದು ವಾಪಸ್ ಕೊಟ್ಟು ಮೇಲೆ ಹೋದ. ಅಲ್ಲೇ ಸೊಪ್ಪು ಬಿಡಿಸುತ್ತಿದ್ದ ಸೀನುವನ್‌ಗೆ ಏನೂ ಹೊಳೆಯಲಿಲ್ಲ. ಮಹಾ ಲೆಕ್ಕದವಳು!

ಮರುದಿನದಿಂದ ಅವನು ಬೆಂಚಿಗೆ ಬರಲಿಲ್ಲ. ವಾರ ಕಳೆದ ಮೇಲೆ ಬಂದದ್ದು ಕೋಣೆ ಬಿಡುತ್ತೇನೆ ಎಂದು ಹೇಳಲು. ತಿಂಗಳ ಕೊನೆಗೆ ಲಂಪಾಂಗಿಗೆ ಹೋಗುತ್ತಾನಂತೆ, ಅಲ್ಲಿ ಬಾಡಿಗೆ ಕಡಿಮೆಯಂತೆ, ಕೊಟ್ಟಿದ್ದ ಮುಂಗಡ ಸಿದ್ಧಪಡಿಸಿಡಬೇಕಂತೆ. ಕಾರಣ ಕೇಳಿದರೆ, ಲೆಕ್ಕ, ಎಂದಷ್ಟೇ ಹೇಳಿದ.

ಅವನ ಲೆಕ್ಕ ಅವಳಿಗೆ ಬಾಯಿಪಾಠ. ಲಂಪಾಂಗಿನಲ್ಲಿ ಬಾಡಿಗೆಯಲ್ಲಿ ಉಳಿದದ್ದು ಚಿಯಾಂಗ್ ಮಾಯ್‌ನ ಆಸ್ಪತ್ರೆಗೆ ಬಂದು ಹೋಗುವ ಬಸ್ಸಿಗೇ ಹೋಗುತ್ತದೆ. ಸುಳ್ಳು ಹೇಳಲೂ ಬಾರದ ಮನುಷ್ಯ ಎಂದು ಬೈದುಕೊಂಡಳು. ಎಂಟು ಕೋಣೆಯಲ್ಲಿ ಯಾರು ಬಂದರೂ ಯಾರು ಹೋದರೂ ಚಾದರ ಒಗೆಯುವ ಕೆಲಸವಷ್ಟೇ ಎಂದುಕೊಂಡಿದ್ದವಳಿಗೆ, ಈ ಒಬ್ಬ ಹೋಗುವುದು ಬೇಡವಾಗಿತ್ತು. ಅದನ್ನು ಅವನಿಗೆ ಹೇಗೆ ಹೇಳುವುದೆಂದು ಮಾತ್ರ ತಿಳಿಯಲಿಲ್ಲ.

ಬಿಡಿಸಿ ಹೇಳಿದವಳು ಖಾಮ್‌ಪನ್. ನೂಡಲ್ಸಿಗೆ ಸಾರು ಬಗ್ಗಿಸುತ್ತ, ಆ ಹುಡುಗಿ ಲಕೋಟೆ ತೋರಿಸಿದ ದಿನದಿಂದ ನಿನ್ನ ಫಿನ್ಲೆಂಡಿನವನು ನನ್ನ ಅಂಗಡಿಗೂ ಬಂದಿಲ್ಲ ಎಂದಳು.

"ಅವಳಿಗೆ ಯಾಕೆ ಕೊಟ್ಟೆ?" ಎಂದು ಸೀನುವನ್ ಕೇಳಿದಳು.

"ಅವಳಿಗೆ ಕೊಡಬೇಡ ಅಂತ ನೀನೆಲ್ಲಿ ಹೇಳಿದ್ದೆ ಅಕ್ಕ? ಅವನಿಗೆ ಕೊಡಬೇಡ ಅಂತ ಹೇಳಿದ್ದೆ. ಆರು ವರ್ಷದಿಂದ ನಾವು ನಿನ್ನ ಮಾತು ಮೀರಿಲ್ಲ ನೋಡು."

ಸೀನುವನ್ ಅರ್ಧ ತಿಂದ ಬಟ್ಟಲನ್ನು ಅಲ್ಲೇ ಬಿಟ್ಟು ಎದ್ದುಬಂದಳು. ಅವನು ಮೆಟ್ಟಿಲ ಕೆಳಗೆ ಸ್ಕೂಟರ್ ತೊಳೆಯುತ್ತಿದ್ದ. ಮಾರುವುದಕ್ಕೆ ಇರಬೇಕು, ಚಕ್ರದ ಕಡ್ಡಿಯನ್ನೂ ಬಿಡದೆ ಉಜ್ಜುತ್ತಿದ್ದ.

"ಅಣ್ಣ, ಲಕೋಟೆ ಕೊಡಬೇಡಿ ಅಂತ ಬೀದಿಗೆ ಹೇಳಿದ್ದು ನಾನು," ಎಂದಳು. "ನಿಮ್ಮ ದುಡ್ಡು ಉಳೀಲಿ ಅಂತ ಹೇಳಿದೆ. ಬೇರೆ ಏನೂ ಇಲ್ಲ."

ರೇಯೋ ಬಟ್ಟೆ ಹಿಂಡಿ ಪಕ್ಕಕ್ಕಿಟ್ಟ. ಅವಳ ಭಾಷೆಯನ್ನು ಅವನು ಮಾರ್ಕೆಟ್ಟಿನಲ್ಲಿ ಕಲಿತದ್ದು, ಒಂದೊಂದೇ ತುಂಡು ಜೋಡಿಸಿ ಮಾತಾಡುತ್ತಿದ್ದ.

"ಖಾಮ್‌ಪನ್ ತಾಯಿ ಸತ್ತರು. ನಾನು ಮೂರು ದಿನ ಕುರ್ಚಿ ಹಾಕಿದೆ. ನೀರು ಹಂಚಿದೆ. ಅಂಗಡಿಗೆ ಹೋಗಿ ಬಿಳಿ ಲಕೋಟೆ ತಂದೆ, ದುಡ್ಡು ಹಾಕಿದೆ. ದುಡ್ಡಿನ ಪೆಟ್ಟಿಗೆ ಹತ್ರ ನೀವೇ ಕೂತಿದ್ರಿ, ದೊಡ್ಡಮ್ಮ. ನನ್ನ ಕೈ ಹಿಡಿದು, ನಿಮಗೆ ಬೇಡ ಅಂದ್ರಿ."

ಅವಳಿಗೆ ನೆನಪಿತ್ತು. ಅವತ್ತು ತಾನು ಎಂಥ ಒಳ್ಳೆಯ ಕೆಲಸ ಮಾಡಿದೆ ಎಂದು ಮನೆಗೆ ಬಂದು ಸಮಾಧಾನದಿಂದ ಮಲಗಿದ್ದೂ ನೆನಪಿತ್ತು.

"ಪರದೇಶದವರು ಹಾಕಬಾರದು, ಇಲ್ಲಿ ಹಾಗೆ ಅಂದ್ಕೊಂಡೆ," ಎಂದ ರೇಯೋ. "ಸರಿ, ಆಗಲಿ. ಈಗ ಮಾರಿಸೋಲ್ ಮೂರು ತಿಂಗಳು, ನಾಲ್ಕು ಲಕೋಟೆ."

"ದುಡ್ಡು ಉಳೀಲಿ ಅಂತ," ಎಂದು ಸೀನುವನ್ ಮತ್ತೆ ಅದನ್ನೇ ಹೇಳಿದಳು.

"ಉಳೀತು," ಎಂದ ಅವನು. "ಬ್ಯಾಂಕಲ್ಲಿದೆ."

ಮತ್ತೆ ಸ್ಕೂಟರಿನ ಕಡೆ ತಿರುಗಿದ. ಕ್ಷಮಿಸಿ ಎನ್ನುವ ಮಾತು ಸೀನುವನ್‌ಳ ಬಾಯಿಂದ ಗಂಡನಿಗೂ ಬಂದದ್ದಿಲ್ಲ. ಆವತ್ತೂ ಬರಲಿಲ್ಲ. ಅವಳು ಚಪ್ಪಲಿ ಮೆಟ್ಟಿಕೊಂಡು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೋಗಿ, ತಾನು ಹಿಂದೆ ಹೇಳಿದ್ದನ್ನು ವಾಪಸ್ ತೆಗೆದುಕೊಂಡು ಬಂದಳು. ಕೇಳಿದವರು ಸುಮ್ಮನೆ ಬಿಡಲಿಲ್ಲ. ದರ್ಜಿ, ಈಗ ನಿನ್ನ ಬಾಡಿಗೆದಾರ ಸಾಹುಕಾರನಾದನೋ ಎಂದು ಕಿಚಾಯಿಸಿದ. ಎಲ್ಲವನ್ನೂ ನುಂಗಿಕೊಂಡಳು.

ಬೀದಿಯವರಿಗೂ ಮಿತಿ ಬೇಡವೇ? ಎರಡೇ ದಿನದಲ್ಲಿ ರೇಯೋನ ಬಾಗಿಲಿನ ಸಂದಿಗೆ ಹನ್ನೊಂದು ಲಕೋಟೆ ಬಂದು ಬಿದ್ದವು. ವಿಹಾರದ್ದು, ದರ್ಜಿಯ ಮಗಳ ಮದುವೆಯದು, ಗೃಹಪ್ರವೇಶದ್ದು. ಯಾರೆಂದು ಸೀನುವನ್‌ಗೇ ಗೊತ್ತಿರದ ಯಾರದೋ ಸೋದರಳಿಯ ಭಿಕ್ಷುವಾಗುತ್ತಾನೆಂದು ಇನ್ನೊಂದು. ಆರು ವರ್ಷದ ಬಾಕಿಯನ್ನು ಒಂದೇ ಸಲ ವಸೂಲು ಮಾಡಲು ಹೊರಟಂತಿತ್ತು. ಅವಳು ಖಾಮ್‌ಪನ್ ಅಂಗಡಿಗೆ ಹೋಗಿ, ನಾಚಿಕೆ ಇಲ್ಲವೇ ನಿಮಗೆ ಎಂದು ಕೂಗಾಡಬೇಕೆಂದು ಹೊರಟವಳು ಅರ್ಧ ದಾರಿಯಿಂದ ತಿರುಗಿ ಬಂದಳು. ಇನ್ನು ಅವನ ಪರವಾಗಿ ಬಾಯಿ ಹಾಕುವುದಿಲ್ಲ ಎಂದು ತೀರ್ಮಾನಿಸಿಕೊಂಡಿದ್ದಳು.

ರೇಯೋ ಲಕೋಟೆಗಳನ್ನು ಒಳಗೆ ತೆಗೆದುಕೊಂಡ. ಹೋಗುತ್ತೇನೆ ಎಂದದ್ದನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ಸೀನುವನ್ ಅವನ ಮುಂಗಡವನ್ನು ಬ್ಯಾಂಕಿನಿಂದ ಬಿಡಿಸಿ ತಂದು ಅಲಮಾರಿಯಲ್ಲಿಟ್ಟಳು, ಅಲಮಾರಿ ತೆರೆದಾಗಲೆಲ್ಲ ಅದರ ಮೇಲೆ ಸಿಟ್ಟು ಮಾಡಿಕೊಂಡಳು.

ಆ ಭಾನುವಾರ ವಿಹಾರದಲ್ಲಿ, ಮಳೆಗಾಲದ ವ್ರತ ಮುಗಿಸಿದ ಭಿಕ್ಷುಗಳಿಗೆ ಹೊದೆಯುವ ಚೀವರ ಕೊಡುವ ದಿನ. ಬೆಳಿಗ್ಗೆ ರೇಯೋ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೆಳಗೆ ಬಂದ. ವಿಹಾರದ ಲಕೋಟೆಯನ್ನೂ ಪೆನ್ನನ್ನೂ ಅವಳ ಮುಂದೆ ಚಾಚಿ, ನಿಮ್ಮ ಲಿಪಿಯಲ್ಲಿ ಹೆಸರು ಬರೆದುಕೊಡಿ ಎಂದ. ಬರೆದಳು. ಅದರ ಪಕ್ಕದಲ್ಲಿ ಅಚ್ಚಾಗಿದ್ದದ್ದು ಏನೆಂದು ಕೇಳಿದ. 'ಮತ್ತು ಮನೆಯವರು' ಎಂದಿತ್ತು, ಎಲ್ಲ ಲಕೋಟೆಯ ಮೇಲೂ ಇರುವಂಥದ್ದು. ನನಗೆ ಮನೆಯವರಿಲ್ಲ, ಸುಳ್ಳಾಗುತ್ತದೆ, ಹೊಡೆದುಹಾಕಿ ಎಂದ. ವಿಹಾರಕ್ಕೆ ಹೋಗುವ ಕಾಗದದಲ್ಲಿ ಗೀಚಬಾರದು ಎಂದು ಅವಳು ಪೆನ್ನಿಗೆ ಟೊಪ್ಪಿ ಹಾಕಿ ಕೊಟ್ಟಳು. ಹಾಗೊಂದು ನಿಯಮ ಯಾವ ವಿಹಾರದಲ್ಲೂ ಇಲ್ಲ.

ಚಾಪೆಯ ಮೇಲೆ ಬೀದಿಗೆ ಬೀದಿಯೇ ಕೂತಿತ್ತು. ನಿವೃತ್ತ ಮೇಷ್ಟ್ರೊಬ್ಬರು ಮೈಕಿನಲ್ಲಿ ಹೆಸರು ಓದುತ್ತಿದ್ದರು, ಒಂದೊಂದು ಹೆಸರಿಗೂ ಜನ ಕೈ ಮುಗಿದು, ಒಳ್ಳೆಯದಾಯಿತು ಎನ್ನುವಂತೆ, ಸಾಧು ಎನ್ನುತ್ತಿದ್ದರು. "ಖಾಮ್‌ಪನ್ ಮತ್ತು ಮನೆಯವರು, ನೂರು ಬಾತ್." ಸಾಧು. "ಸೀನುವನ್ ಮತ್ತು ಮನೆಯವರು, ಇನ್ನೂರು ಬಾತ್." ಸಾಧು. ಆಮೇಲೆ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, ಎರಡು ಸಲ ತಡವರಿಸಿ, "ರೇಯೋ ಮತ್ತು ಮನೆಯವರು, ನೂರು ಬಾತ್," ಎಂದರು. ಬೀದಿಯವರು ಉಳಿದವರಿಗೆ ಹೇಗೋ ಹಾಗೆಯೇ ಸಾಧು ಎಂದು ಮುಂದಿನ ಹೆಸರಿಗೆ ಕಾದರು. ರೇಯೋ ಮುಗಿದ ಕೈ ಇಳಿಸಲಿಲ್ಲ. ಅವನ ಕಣ್ಣು ತುಂಬಿದ್ದನ್ನು ಸೀನುವನ್ ನೋಡಿದಳು, ನೋಡಿ ಬೇರೆ ಕಡೆ ತಿರುಗಿದಳು.

ಇಬ್ಬರೂ ಮನೆಗೆ ನಡೆದು ಬಂದರು. ಗೇಟಿನ ಹತ್ತಿರ ಅವನು ನಿಂತ. ಕಟ್ಟಡದ ಹಿಂಬದಿಯಲ್ಲಿ ನೀರಿನ ಪಂಪಿಗೆ ತಾಗಿಕೊಂಡು ಒಂದು ಸಣ್ಣ ಕೋಣೆಯಿದೆ. ಎ.ಸಿ. ಇಲ್ಲ, ಬರೀ ಫ್ಯಾನು. ಪಂಪಿನ ಸದ್ದಿಗೆ ಯಾರೂ ನಿಲ್ಲದೆ ವರ್ಷದಿಂದ ಖಾಲಿ ಬಿದ್ದಿತ್ತು. ಅದರ ಕಡೆ ಕೈ ತೋರಿಸಿ, ತಾನು ಹೊಸದಾಗಿ ಲೆಕ್ಕ ಹಾಕಿದ್ದೇನೆ, ಲಕೋಟೆಗೆ ತಿಂಗಳಿಗೆ ಸಾವಿರದ ಇನ್ನೂರು ಬೇಕು, ಈಗಿನ ಕೋಣೆಯಲ್ಲಿದ್ದರೆ ಅದು ಆಗುವುದಿಲ್ಲ ಎಂದು ತನ್ನ ತುಂಡು ಮಾತಿನಲ್ಲಿ ವಿವರಿಸಿದ.

"ದೊಡ್ಡಮ್ಮ, ಆ ಕೋಣೆಗೆ ಬಾಡಿಗೆ ಎಷ್ಟು?"

ದೇವರಾಣೆ, ಎರಡು ಸಾವಿರ ಕೊಡಿ ಸಾಕು ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಪುಕ್ಕಟೆ ಇರಿ ಎಂದುಬಿಡುವಷ್ಟು ಸಂತೋಷವಾಗಿತ್ತು. ಎಲ್ಲರಿಗೂ ಹೇಳುವ ಬಾಡಿಗೆಯನ್ನೇ ಇವನಿಗೂ ಹೇಳಬೇಕು ಎಂದು ಆ ಮಾತನ್ನು ಹಿಡಿದು ಒಳಕ್ಕೆ ನೂಕಿದಳು.

"ಎರಡು ಸಾವಿರದ ಎಂಟುನೂರು," ಎಂದಳು. "ಕರೆಂಟು ಬೇರೆ."